ಬೇಸಿಗೆಯ ಕಾಲುವೆ, ಇವತ್ತಿನ ಮಾತು

ಗೀಗೀ ಅಕ್ಕನ ಮಗಳು ರಾಜಕೀಯ ಮಾತಾಡಿದ್ದಾಳೆ ಎಂಬ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಅರ್ಧ ಸಿಂಧನೂರು ಅದನ್ನು ನೋಡಿ ಮುಗಿಸಿತ್ತು. ನನ್ನ ಸ್ಟುಡಿಯೋ ಇರುವುದು ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮೇಲೆ. ಬೆಳಿಗ್ಗೆ ಬೀಗ ತೆಗೆಯುತ್ತಿದ್ದಾಗ ಕೆಳಗಿನ ಅಂಗಡಿಯವರು ಫೋನು ಎತ್ತಿ ಹಿಡಿದು ಕೂಗಿದರು.

"ಮೇಡಂ, ನಿಮ್ಮ ಅಕ್ಕಾರ ಮಗಳು ಎಲೆಕ್ಷನ್ನಿಗೆ ನಿಲ್ತಾಳೇನ್ರೀ?"

ಅಕ್ಕ ಎಂದರೆ ಮಸ್ಕಿಯ ಗೀಗೀ ಪದದ ಹಾಡುಗಾರ್ತಿ. ಮೊದಲು ಅವರ ದನಿ ಸುತ್ತಲ ಹತ್ತಾರು ಹಳ್ಳಿಗೆ ಮಾತ್ರ ಗೊತ್ತಿತ್ತು. ಅವರ ಹಾಡನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಪೇಜಿಗೆ ಹಾಕತೊಡಗಿದವಳು ನಾನು. ಈಗ ಅವರು ಬಸ್ ಹತ್ತಿದರೆ ಕಂಡಕ್ಟರ್ ಸೀಟು ಬಿಟ್ಟು ಸೆಲ್ಫಿ ಕೇಳುತ್ತಾನೆ. ಚಿತ್ರೀಕರಣ, ಎಡಿಟಿಂಗು, ಕಾಮೆಂಟು ಕಾಯುವುದು, ಕಾರ್ಯಕ್ರಮ ಹಿಡಿಯುವುದು, ಎಲ್ಲ ನನ್ನದೇ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಸುಮ್ಮನೆ ಯಾಕೆ ಸಂಕೋಚ ಪಡಲಿ.

ಮಗಳಿಗೆ ಹದಿನಾರು. ಲಿಂಗಸುಗೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಅವಳ ಖಾತೆಯನ್ನು ತೆರೆದುಕೊಟ್ಟವಳೂ ನಾನೇ. ಹೆಸರಿನ ಕೆಳಗೆ "ಗೀಗೀ ಅಕ್ಕನ ಮಗಳು" ಎಂದು ಬರೆದಿದ್ದೆ, ಜನ ಬೇಗ ಸೇರಲಿ ಎಂದು. ಅಲ್ಲಿವರೆಗೆ ಅವಳು ಹಾಕುತ್ತಿದ್ದುದು ಗೆಳತಿಯರ ಜೊತೆ ಮಿರ್ಚಿ ತಿನ್ನುವುದು, ಹಾಸ್ಟೆಲಿನ ಬೆಕ್ಕು, ಇಂಥವು. ಹಿಂದಿನ ಸಂಜೆ ಹಾಕಿದ್ದು ಬೇರೆ. ಒಣಗಿ ಬಿರುಕು ಬಿಟ್ಟ ಕಾಲುವೆಯ ಚಿತ್ರದ ಮೇಲೆ ಅವಳ ದನಿ:

"ಕಾಲುವಿ ನೀರು ಕೊನೇ ಹೊಲಕ್ಕ ಮುಟ್ಟಂಗಿಲ್ಲ. ಓಟಿನ ಚೀಟಿ ಮಾತ್ರ ಕೊನೇ ಮನಿಗೂ ಮುಟ್ಟತೈತಿ. ಮ್ಯಾಲಿನೋರು ಪೈಪು ಹಾಕಿ ಎತ್ತಿಕೊಂಡ್ರ, ಎತ್ತಬ್ಯಾಡ್ರಿ ಅನ್ನಾಕ ನಮ್ಮ ಲೀಡರಿಗೆ ಬಾಯಿಲ್ಲ. ಮುಂದಿನ ಸಲ ಓಟು ಕೇಳಾಕ ಬಂದ್ರ, ಒಂದು ಕೊಡ ನೀರು ತಗೊಂಡು ಬರ್ರಿ ಅನ್ನೋಣು."

ಮಾತು ಚೂಪಾಗಿತ್ತು. ಎಡಿಟರ್ ಆಗಿ ನನಗೆ ಮೊದಲು ಬಂದದ್ದು ಮೆಚ್ಚುಗೆ, ಆಮೇಲೆ ಚಿಂತೆ. ಯಾಕೆಂದರೆ ಬರುವ ಸೋಮವಾರ ಸಂಜೆ ಜವಳಗೇರಾದಲ್ಲಿ ಅಕ್ಕನ ಕಾರ್ಯಕ್ರಮವಿತ್ತು. ಅದನ್ನು ಮಾಡಿಸುತ್ತಿದ್ದವರು ಒಬ್ಬ ಅಕ್ಕಿ ಗಿರಣಿಯ ಯಜಮಾನರು, ಆ ಲೀಡರಿನ ಬಲಗೈ. ಅವರ ಗದ್ದೆ ಇರುವುದು ಕಾಲುವೆಯ ಮೇಲ್ಭಾಗದಲ್ಲಿ. ಕಾಮೆಂಟುಗಳಲ್ಲಿ ಹುಡುಗಿಯ ಹೆಸರೇ ಇರಲಿಲ್ಲ. ಹೊಗಳುವವರಿಗೂ ಬೈಯುವವರಿಗೂ ಅವಳು "ಗೀಗೀ ಅಕ್ಕನ ಮಗಳು". ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಒಬ್ಬ ಚುಚ್ಚಿದ್ದ.

ಯಜಮಾನರ ಫೋನು ಬರುತ್ತದೆಂದು ಗೊತ್ತಿತ್ತು, ಬಂತು.

"ಮೇಡಂ, ಅಕ್ಕಾರ ಮಗಳು ಭಾರಿ ಶಾಣ್ಯಾ ಆಗ್ಯಾಳ್ರೀ. ನಮಗೇನು ಸಿಟ್ಟಿಲ್ಲ, ಕೂಸು. ಒಂದು ಮಾಫಿ ವಿಡಿಯೋ ಹಾಕ್ಸಿಬಿಡ್ರಿ, ತಪ್ಪಾತು, ತಿಳಿಲಾರದ ಅಂದೆ ಅಂತ. ಇಲ್ಲಾಂದ್ರ ಸೋಮವಾರ ಅಕ್ಕಾರನ್ನ ಸ್ಟೇಜಿಗೆ ಕರಿಯೋದು ನಮಗೂ ಕಷ್ಟ ಆಕ್ಕೈತಿ. ನಮ್ಮೂರಿಗೆ ಅಷ್ಟ ಅಲ್ಲ ಮತ್ತ, ಸುತ್ತ ಯಾವೂರಿಗೂ, ಹೇಳ್ತೀನಿ."

ಬೆದರಿಕೆಯನ್ನೂ ಹಾಲುಸಕ್ಕರೆ ಬೆರೆಸಿ ಹೇಳುವ ಜನ.

ಇಂಥ ಬೆಂಕಿ ಆರಿಸುವುದರಲ್ಲಿ ನನ್ನ ಕೈ ಪಳಗಿದ್ದು. ಮೊದಲು ವಿಡಿಯೋ ಅಳಿಸಬಾರದು. ಅಳಿಸಿದರೆ ಹೆದರಿದರು ಎಂದಾಗುತ್ತದೆ, ಅಷ್ಟರಲ್ಲಿ ನೂರು ಜನ ಇಳಿಸಿಕೊಂಡಿರುತ್ತಾರೆ. ಯಾರಿಗೂ ಉತ್ತರ ಕೊಡಬಾರದು. ಮೂಲ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು. ಅದಷ್ಟನ್ನು ಮಾಡಿ, ಕಾಮೆಂಟು ಬಂದ್ ಮಾಡಲು ಹುಡುಗಿಗೆ ಫೋನಿನಲ್ಲಿ ಹೇಳಿದೆ. "ಯಾಕ್ರೀ ಅಕ್ಕಾ? ಅವ್ರೂ ಮಾತಾಡ್ಲಿ" ಎಂದಳು. ಈ ವಯಸ್ಸಿನವರಿಗೆ ಕೆಲಸ ಮಾಡಿಕೊಡುವುದು ಸುಲಭವಲ್ಲ. ಲೈಟು, ಸ್ಟ್ಯಾಂಡು, ಕಾಲರ್ ಮೈಕು, ಲ್ಯಾಪ್‌ಟಾಪು ಚೀಲಕ್ಕೆ ತುಂಬಿಕೊಂಡು ಮಸ್ಕಿ ಬಸ್ ಹತ್ತಿದೆ. ಹುಡುಗಿ ಲಿಂಗಸುಗೂರಿನಿಂದ ಅಲ್ಲಿಗೇ ಬಂದಳು.

ಅಕ್ಕನ ಪಡಸಾಲೆಯ ಗೂಟದಲ್ಲಿ, ಹಾಡುವಾಗ ಬಡಿಯುವ ಡಪ್ಪು ತೂಗುತ್ತಿತ್ತು. ಅದರ ಕೆಳಗೆ ತಾಯಿ, ಎದುರಿಗೆ ಮಗಳು. ನಾನು ಒಳಗೆ ಕಾಲಿಟ್ಟಾಗ ಜಗಳ ಅರ್ಧ ದಾರಿ ನಡೆದಾಗಿತ್ತು.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಯಾರು ಹೇಳಿದ್ರು ನಿನಗ ಲೀಡರ್ ಸುದ್ದಿ ತಗಿ ಅಂತ? ಮಾಫಿ ಕೇಳು, ಮುಗಿಸು."

"ಯವ್ವಾ, ನೀ ಸ್ಟೇಜಿನ ಮ್ಯಾಲೆ ನಿಂತು ಸವಾಲು ಹಾಕಂಗಿಲ್ಲೇನು? ಗಂಡಸ್ರಿಗೆ ಹಾಕ್ತಿ, ದೇವ್ರಿಗೂ ಹಾಕ್ತಿ. ಹಾಕಿದ ಸವಾಲು ಎಂದಾದ್ರೂ ವಾಪಸ್ ತಗೊಂಡಿ ಏನು?"

ಇದು ತಿಳಿಯಲು ಗೀಗೀ ಮ್ಯಾಳದ ರಿವಾಜು ತಿಳಿದಿರಬೇಕು. ಅಕ್ಕನದು ನಾಗೇಶಿ ಮ್ಯಾಳ, ಹೆಣ್ಣಿನ ಪಕ್ಷ. ಎದುರಿಗೆ ಹರದೇಶಿ ಮ್ಯಾಳ, ಗಂಡಿನ ಪಕ್ಷ. ಅದರ ಮುಂದಾಳು ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಹಾಕಿದವರು ಸವಾಲನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅವರೇ ಸೋತಂತೆ. ಜವಾಬು ಹೊಳೆಯದಿದ್ದವರು ಡಪ್ಪನ್ನು ನೆಲಕ್ಕಿಡುತ್ತಾರೆ. ಆಗ ಸವಾಲು ಹಾಕಿದವರೇ ಬಂದು ಅದನ್ನು ಎತ್ತಿ, ಹಣೆಗೊತ್ತಿಕೊಂಡು, ಸೋತವರ ಕೈಗೆ ಕೊಡಬೇಕು. ಆಮೇಲೆಯೇ ಹಾಡು ಮುಂದಕ್ಕೆ. ಹುಡುಗಿ ಇದನ್ನು ನೋಡುತ್ತಲೇ ಬೆಳೆದವಳು.

ಅಕ್ಕ ಮಾತು ತಪ್ಪಿಸಿದರು. "ಅದು ಹಾಡಿಕಿ. ಇದು ಬದುಕು" ಎಂದರು. ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಮಗಳು ಒಬ್ಬಳೇ ಲಿಂಗಸುಗೂರಿನಲ್ಲಿರುತ್ತಾಳೆ, ಯಾರಾದರೂ ಏನಾದರೂ ಮಾಡಿದರೆ ಎಂಬ ಭಯ. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವರು.

ನಾನು ಮಧ್ಯಸ್ಥಿಕೆ ಮಾಡದೆ ಕೆಲಸಕ್ಕಿಳಿದೆ. ನಾಲ್ಕು ಸಾಲಿನ ಮಾಫಿ ಬರೆದೆ. ಕಿಟಕಿಯ ಬೆಳಕಿಗೆ ಕೂರಿಸಿ, ಮೈಕು ಸಿಕ್ಕಿಸಿ, ಫೋನಿನಲ್ಲಿ ಅಕ್ಷರ ಓಡುವಂತೆ ಮಾಡಿದೆ. ಹುಡುಗಿ "ಎಲ್ಲಾರಿಗೂ ನಮಸ್ಕಾರ" ಎಂದಳು. "ನನ್ನ ಮಾತಿನಿಂದ ಬೇಜಾರಾಗಿದ್ರೆ" ಎಂದಳು. "ನಾ ಅಂದಿದ್ದು" ಎಂಬಲ್ಲಿಗೆ ಬಂದು ನಿಂತಳು. ಮತ್ತೊಮ್ಮೆ. ಅಲ್ಲಿಗೇ ನಿಂತಳು. ನೀರು ಕುಡಿಸಿದೆ, ನಗಿಸಿದೆ, ಬೈದೆ. "ತಪ್ಪು" ಎಂಬ ಎರಡಕ್ಷರದ ಮುಂದೆ ಆ ಬಾಯಿ ನೊಗಕ್ಕೆ ಹೆಗಲು ಕೊಡದ ಎತ್ತಿನಂತೆ ಕಾಲು ಊರಿ ನಿಂತಿತು. ಹಟಕ್ಕಲ್ಲ, ಅವಳಿಗೆ ನಿಜವಾಗಿ ಬರುತ್ತಿರಲಿಲ್ಲ. ಕೊನೆಗೆ ಅತ್ತುಬಿಟ್ಟಳು.

ಆಗ ನನ್ನ ಕಸುಬಿನ ಗರ್ವ ತಲೆ ಎತ್ತಿತು. ಅವಳು ಹೇಳದಿದ್ದರೇನು, ನನ್ನ ಬಳಿ ಅವಳ ದನಿ ಬೇಕಾದಷ್ಟಿದೆ. ಹಳೆಯ ವಿಡಿಯೋ ಒಂದರಲ್ಲಿ ತಾಳ ತಪ್ಪಿದ ಗೆಳತಿಗೆ "ತಪ್ಪಾತು ತಪ್ಪಾತು" ಎಂದಿದ್ದಳು. ಅದನ್ನು ಕತ್ತರಿಸಿದೆ, ಗದ್ದಲ ತೆಗೆದೆ, ಏರಿದ್ದ ದನಿಯನ್ನು ತುಸು ಇಳಿಸಿದೆ. ತುಟಿ ಹೊಂದದ ಕಡೆ ಮನೆಯ ತುಳಸಿಗಿಡದ ಚಿತ್ರ ಮುಚ್ಚಿದೆ. ಕೂಡಿಸಿ ನೋಡಿದರೆ ಕೂದಲೆಳೆಯಷ್ಟೂ ಬಿರುಕು ಕಾಣಲಿಲ್ಲ. ನಾನು ಮಾಡಿದ ಅಚ್ಚುಕಟ್ಟಾದ ಕೆಲಸಗಳಲ್ಲಿ ಅದೂ ಒಂದು.

ಅಕ್ಕನಿಗೆ ತೋರಿಸಿದೆ. ನೋಡಿದರು.

"ಇದನ್ನ ಆಕಿ ಯಾವಾಗ ಅಂದ್ಲು, ತಂಗೀ?"

"ಅಂದಿಲ್ರೀ ಅಕ್ಕಾರ. ನಾನ ಕೂಡಿಸೀನಿ."

ಅಕ್ಕ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಾಗಿಲ ಬಳಿ ನಿಂತು ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಒರೆಸಿಕೊಂಡು, ಕೂಗಾಡದೆ, ನನ್ನನ್ನೇ ನೋಡಿ ಹೇಳಿದಳು.

"ನನ್ನ ಬಾಯಿ ನನಗ ಕೊಡ್ರಿ ಅಕ್ಕಾ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ನನ್ನ ಮುಖ ಕೆಳಗೆ ಮಾಡಿದ್ದಿಲ್ಲ.

ಅಷ್ಟರಲ್ಲಿ ಫೋನು ಗುಂಯ್ಗುಟ್ಟತೊಡಗಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಯಾರೋ ಹುಡುಗಿಯ ವಿಡಿಯೋವನ್ನು ನಿಲ್ಲಿಸಿ, ಮೂಲೆಗೊಂದು ಕೆಂಪು ವೃತ್ತ ಎಳೆದು ಹಂಚಿದ್ದರು. ವೃತ್ತದೊಳಗೆ ಜೆಸಿಬಿಯ ಹಳದಿ ತೋಳು. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡಿ ಹೂಳು ತೆಗೆಸುವಾಗಿನ ಚಿತ್ರ ಅದು. ಆಗ ಕಾಲುವೆ ಮೇಲಿನವರಿಗೂ ಕೆಳಗಿನವರಿಗೂ ಒಣಗಿರುತ್ತದೆ. "ಸುಳ್ಳಿ" ಎಂಬ ಹೆಸರು ಆಗಲೇ ಊರಾಡುತ್ತಿತ್ತು. ಯಜಮಾನರ ಫೋನು ಮತ್ತೆ ಬಂತು, ಈ ಸಲ ಸಕ್ಕರೆ ಇರಲಿಲ್ಲ. "ನೋಡಿದ್ರೇನ್ರೀ ನಿಮ್ಮ ಸತ್ಯವಂತೀನ? ಸೋಮವಾರ ಸ್ಟೇಜಿನ ಮ್ಯಾಲೆ ಬಂದು ಕೈ ಮುಗೀಲಿ ಈಗ."

ಚಿತ್ರವನ್ನು ನೋಡಿದ ತಕ್ಷಣ ಗುರುತು ಹಿಡಿದೆ. ಅದನ್ನು ತೆಗೆದವಳು ನಾನೇ, ಅಕ್ಕನ ಯಾವುದೋ ಹಾಡಿನ ಹಿಂದೆ ಹಾಕಲು. ಹುಡುಗಿಯ ಫೋನಿಗೂ ತೆರೆದಿಟ್ಟಿದ್ದ ನನ್ನ ಚಿತ್ರಗಳ ಆನ್‌ಲೈನ್ ಕಪಾಟಿನಲ್ಲಿ ಅದು ಬಿದ್ದಿತ್ತು. ಕಾಲುವೆ ಎಂದು ಹುಡುಕಿದಳು, ಸಿಕ್ಕಿತು, ಹಾಕಿದಳು. ನಾವೆಲ್ಲ ಹಾಗೇ ಮಾಡುವುದು. ಮದುವೆ ಹಾಡಿಗೆ ಯಾರದೋ ಮದುವೆ, ಮಳೆ ಹಾಡಿಗೆ ಎಲ್ಲಿಯದೋ ಮಳೆ. ಹಾಡಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಲೀಡರಿನ ಹೆಸರು ಎತ್ತಿದರೆ ಕೇಳುತ್ತಾರೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ವಿಚಿತ್ರವೆಂದರೆ ಆ ಕೆಂಪು ವೃತ್ತ ನೋಡಿ ನನಗೆ ಧೈರ್ಯ ಬಂತು. ಅಲ್ಲಿವರೆಗೆ ಇಲ್ಲದ ತಪ್ಪಿಗೆ ಮಾಫಿ ಹುಡುಕುತ್ತಿದ್ದೆವು. ಈಗ ಇರುವ ತಪ್ಪು ಸಿಕ್ಕಿತ್ತು, ಅದರ ಅಳತೆಯೂ ಗೊತ್ತಾಗಿತ್ತು. ಕೂಡಿಸಿಟ್ಟಿದ್ದ ಮಾಫಿಯನ್ನು ತಾಯಿ ಮಗಳ ಎದುರಿಗೇ ಅಳಿಸಿದೆ, ಕಸದ ಬುಟ್ಟಿಯಿಂದಲೂ ತೆಗೆದೆ.

"ತಪ್ಪಾಗಿದ್ದು ಚಿತ್ರ ಅಕ್ಕಾರ. ಮಾತು ತಪ್ಪೋ ಖರೇನೋ ಗೊತ್ತಿಲ್ಲ, ಹೋಗಿ ನೋಡೋಣು. ಈಗ ನೀರು ಬಿಟ್ಟಾರ. ಜವಳಗೇರಾದ ಗೇಟಿನಿಂದ ಕೊನೇ ಹೊಲದ ತನಕ ಲೈವ್ ಮಾಡ್ತೀವಿ. ಕತ್ತರಿ ಹಾಕಾಕ ಬರಂಗಿಲ್ಲ, ನನಗೂ ಬರಂಗಿಲ್ಲ."

"ಕೊನಿಗೆ ನೀರಿದ್ರ?" ಅಕ್ಕ ಕೇಳಿದರು.

ಉತ್ತರ ಕೊಟ್ಟವಳು ಮಗಳು. "ನೀರಿದ್ರ ಅಲ್ಲೇ ಕೈ ಮುಗಿದು ತಪ್ಪಾತು ಅಂತೀನಿ ಯವ್ವಾ. ಆಗ ಬರ್ತೈತಿ ನನಗ."

ಅಕ್ಕ ಎದ್ದು ಗೂಟದಿಂದ ಡಪ್ಪು ಇಳಿಸಿ ಸೆರಗಿನಿಂದ ಧೂಳು ಒರೆಸಿದರು. ಆಮೇಲೆ, "ಹೋಗ್ರಿ. ಆದ್ರ ನಾಲಿಗಿ ಹರಿಬಿಡಬ್ಯಾಡ" ಎಂದರು.

ಮರುದಿನ ಬೆಳಿಗ್ಗೆ ಆಟೋ ಮಾಡಿಕೊಂಡೆವು. ಮುಂದಿನ ಕಂಬಿಗೆ ಫೋನು ಕಟ್ಟಿ, ಗಾಳಿಯ ಸದ್ದು ಬಾರದಂತೆ ಮೈಕಿಗೆ ಸ್ಪಂಜು ಸುತ್ತಿದೆ. ಒಂದೇ ಕಂಪನಿಯ ಸಿಮ್ಮನ್ನು ನಂಬಿ ಹಳ್ಳಿಗೆ ಹೋಗುವವರು ಮೂರ್ಖರು. ಇನ್ನೊಂದು ಫೋನಿನಲ್ಲಿ ಬೇರೆ ಕಂಪನಿಯದು ಇಟ್ಟುಕೊಂಡೆ. ಉಪಕಾಲುವೆಯ ಗೇಟಿನ ಮುಂದೆ ಹುಡುಗಿ ಅವತ್ತಿನ ಪೇಪರು ಹಿಡಿದು ನಿಂತಳು. ಹಿಂದೆ ಕೆಂಪು ನೀರು ದಡ ತುಂಬಿ ಹೋಗುತ್ತಿತ್ತು. ಆಚೆ ಗದ್ದೆಗಳಲ್ಲಿ ನಾಟಿ ಜೋರಾಗಿ ನಡೆದಿತ್ತು, ಹೆಣ್ಣುಮಕ್ಕಳು ಸಾಲು ಹಿಡಿದು ಬಗ್ಗಿದ್ದರು. ಹುಡುಗಿ ಹೆಚ್ಚು ಮಾತಾಡಲಿಲ್ಲ. "ಇಲ್ಲಿ ನೀರೈತಿ, ನೋಡ್ರಿ. ನಡೀರಿ ಹೋಗೋಣು" ಎಂದಷ್ಟೇ ಅಂದಳು.

ಕಾಲುವೆ ದಂಡೆಯ ದಾರಿಯಲ್ಲಿ ಆಟೋ ಕುಣಿಯುತ್ತ ಸಾಗಿತು. ದಂಡೆಯ ಮೇಲಿನಿಂದ ಕಪ್ಪು ಪೈಪುಗಳು ನೀರಿಗೆ ಬಾಯಿ ಹಾಕಿ ಮಲಗಿದ್ದವು. ಯಾರ ಪೈಪು ಎಂದು ನಾವು ಹೇಳಲಿಲ್ಲ, ನಿಲ್ಲಿಸಲೂ ಇಲ್ಲ. ಹೋದಂತೆ ಹೋದಂತೆ ನೀರು ದಡದಿಂದ ಕೆಳಗಿಳಿಯಿತು. ಮೊದಲು ಸೊಂಟ, ಆಮೇಲೆ ಮೊಳಕಾಲು. ನೋಡುವವರ ಸಂಖ್ಯೆ ಏರುತ್ತಿತ್ತು.

ಇನ್ನೇನು ಕೊನೆಯ ಹೊಲ ಬಂತು ಎನ್ನುವಾಗ ಲೈವ್ ನಿಂತಿತು. ಎರಡು ಸಿಮ್ಮೂ ಸತ್ತಿದ್ದವು. ಮತ್ತೆ ಜೀವ ಬಂದಾಗ ಜನ ಬರೆಯುತ್ತಿದ್ದರು: ಬೇಕಂತಲೇ ಕತ್ತರಿಸಿದರು, ಈಗ ಯಾವುದೋ ಒಣ ಹಳ್ಳ ತೋರಿಸುತ್ತಾರೆ. ನಾನು ಮುಂದಕ್ಕೆ ಹೋಗೋಣ ಎಂದೆ. ಹುಡುಗಿ ಆಟೋದಿಂದ ಇಳಿದೇಬಿಟ್ಟಳು. "ಇಲ್ಲ ಅಕ್ಕಾ. ಎಲ್ಲಿ ನಿಂತಿತ್ತೋ ಅಲ್ಲಿಂದ ನಡಕೊಂಡು ಬರೋಣು." ಹಿಂದಕ್ಕೆ ಹೋಗಿ, ಕೊನೆಗೆ ಕಂಡಿದ್ದ ಜಾಲಿಮರದ ಬುಡದಿಂದ ಫೋನು ಎತ್ತಿ ಹಿಡಿದು ಬಿಸಿಲಲ್ಲಿ ನಡೆದೆವು. ಎಡಿಟಿಂಗ್ ಕಲಿಸಬೇಕಾದವಳು ನಾನು, ಜೋಡಣೆ ಹೇಗಿರಬೇಕೆಂದು ಅವಳು ತೋರಿಸಿದಳು.

ಕೊನೆಯ ಹೊಲದ ಹತ್ತಿರ ಕಾಲುವೆ ಅನ್ನುವುದು ಒಂದು ತಗ್ಗು. ತಳದಲ್ಲಿ ಎಳೆಯಷ್ಟು ಹಸಿ ಇತ್ತು, ಅದೂ ಅಲ್ಲಲ್ಲಿ. ಪಕ್ಕದಲ್ಲಿ ಭತ್ತದ ಸಸಿಮಡಿ ಹಳದಿಗೆ ತಿರುಗಿತ್ತು. ಬದುವಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ನಮ್ಮನ್ನು ಕಂಡು ಎದ್ದು ಬಂದಳು.

"ನೀರು ಬಿಟ್ರೇನವ್ವಾ?"

"ಇಲ್ಲಬೇ ಯಮ್ಮಾ, ನೋಡಾಕ ಬಂದೀವಿ" ಎಂದಳು ಹುಡುಗಿ.

"ನೋಡಾಕ ಬರೋರ ಎಲ್ಲಾರೂ" ಎಂದು ಅಜ್ಜಿ ಮತ್ತೆ ಹೋಗಿ ಕೂತಳು.

ಹುಡುಗಿ ಚಪ್ಪಲಿ ಬಿಟ್ಟು ತಗ್ಗಿಗೆ ಇಳಿದಳು. ಫೋನನ್ನು ಪಾದಕ್ಕೆ ಹಿಡಿಯಲು ನನಗೆ ಹೇಳಿದಳು. ಹಿಮ್ಮಡಿ ಕೂಡ ತೋಯಲಿಲ್ಲ. ಆಮೇಲೆ ಮುಖ ಎತ್ತಿ, ನಾನು ಬರೆದುಕೊಡದ ಮಾತು ಆಡಿದಳು.

"ಮೊದಲು ಹಾಕಿದ್ದ ಚಿತ್ರ ಬ್ಯಾಸಿಗಿದು. ನೋಡಲಾರದ ಹಾಕೀನಿ, ತಪ್ಪು ನಂದು. ಮಾಫಿ ಮಾಡ್ರಿ. ಮಾತು ಇವತ್ತಿಂದು. ಅದನ್ನ ವಾಪಸ್ ತಗೊಳ್ಳಂಗಿಲ್ಲ."

ಹಿಂದಿನ ದಿನ ಬಾಯಿಗೆ ಬಾರದ ಎರಡಕ್ಷರ ಎಷ್ಟು ಸಲೀಸಾಗಿ ಬಂದಿತ್ತು! ನಾನು ಲೈವ್ ಮುಗಿಸಿ, ಅವಳನ್ನು ತಬ್ಬಿಕೊಂಡೆ.

ಅದರ ನಂತರ ಯಜಮಾನರ ಫೋನು ಬರಲಿಲ್ಲ. ಸೋಮವಾರದ ಕಾರ್ಯಕ್ರಮ ನಿಂತಿತು ಎಂದೇ ತಿಳಿದಿದ್ದೆವು. ಆದರೆ ಜವಳಗೇರಾದ ಹಿರಿಯರೇ ಫೋನು ಮಾಡಿ, "ಊರು ಕರಸಾಕತ್ತೈತಿ, ಒಬ್ರ ಮಾತಿಗೆ ನಿಲ್ಲಂಗಿಲ್ಲ, ಬರ್ರಿ" ಎಂದರು. ಹೋದೆವು. ಮಗಳನ್ನು ಕರೆದುಕೊಂಡು ಹೋಗುವುದು ಬೇಡ ಎಂದು ನಾನು ಅಂದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ, "ಬರ್ಲಿ" ಎಂದರು. ಲೈವ್ ನೋಡಿದಿರಾ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಹೊತ್ತು ಮುಳುಗುವ ವೇಳೆ. ಬಯಲು ತುಂಬ ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ಯಜಮಾನರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಕಾದು ನೋಡುವವರ ಮುಖ. ನಾನು ಬದಿಯಲ್ಲಿ ಸ್ಟ್ಯಾಂಡು ನಿಲ್ಲಿಸಿ ಚಿತ್ರೀಕರಣ ಶುರು ಮಾಡಿದೆ. ನಮನದ ಪದ ಮುಗಿಯಿತು. ಈಗ ಅಕ್ಕ ಮೊದಲ ಸವಾಲು ಹಾಕಬೇಕು. ಯಾವಾಗಲೂ ಹಾಕುವ ಪುರಾಣದ ಸವಾಲುಗಳು ನನಗೆ ಬಾಯಿಪಾಠ.

ಅಕ್ಕ ಡಪ್ಪು ಕಿವಿಗೆ ಹತ್ತಿರ ಹಿಡಿದು, ಎರಡು ಪೆಟ್ಟು ಹಾಕಿ, ಹೊಸ ಪದ ಎತ್ತಿದರು. ನೀರು ಕೊನೆಯ ಹೊಲಕ್ಕೆ ಮುಟ್ಟುವುದಿಲ್ಲ, ಓಟಿನ ಚೀಟಿ ಕೊನೆಯ ಮನೆಗೂ ಮುಟ್ಟುತ್ತದೆ, ಯಾಕೆ ಎಂದು ಹೇಳು ಹರದೇಶಿ. ಮಗಳ ಮಾತೇ, ತಾಳಕ್ಕೆ ಕೂತಿತ್ತು. ಹಿಂದೆ ಕೂತವರು ಎದ್ದು ನಿಂತರು.

ಕಾಕಾ ಎದ್ದು ನಿಂತರು. ಜವಾಬಿಗೆ ಸೋತವರೇ ಅಲ್ಲ ಅವರು. ಬಿಳಿಯದನ್ನು ಕರಿಯದು ಎಂದು ಹಾಡಿನಲ್ಲಿ ಒಪ್ಪಿಸುವ ಗಂಡು. ಗಂಡಿನ ಪಕ್ಷ, ಎಂದರೆ ಅವತ್ತು ಮೇಲಿನವರ ಪಕ್ಷ, ಅವರು ವಹಿಸಬೇಕಿತ್ತು. ಡಪ್ಪು ಎತ್ತಿ ಒಂದು ಪೆಟ್ಟು ಹಾಕಿದರು. ಬಾಯಿ ತೆರೆದರು. ಮುಂದಿನ ಸಾಲಿನ ಕಡೆ ನೋಡಿದರು, ಆಮೇಲೆ ಹಿಂದೆ ನಿಂತಿದ್ದ ಜನದ ಕಡೆ. ಕಾಕಾನ ಎರಡೆಕರೆಯೂ ಯಾವುದೋ ಕಾಲುವೆಯ ಕೊನೆಯಲ್ಲೇ ಇತ್ತು.

"ಇದಕ್ಕ ಜವಾಬಿಲ್ಲ ತಂಗೀ" ಎಂದು ಬಗ್ಗಿ, ಡಪ್ಪನ್ನು ನೆಲಕ್ಕಿಟ್ಟರು.

ಹಿಂದಿನ ಸಾಲಿನಿಂದ ಎದ್ದ ಕೇಕೆ ಮುಂದಕ್ಕೆ ಹರಿದು ಬಂತು. ಯಜಮಾನರು ಕಾಲು ಕೆಳಗಿಳಿಸಿದರು. ರಿವಾಜಿನಂತೆ ಅಕ್ಕ ಹೋಗಿ ಡಪ್ಪು ಎತ್ತಬೇಕು. ಅವರು ಕದಲಲಿಲ್ಲ. ಮೈಕಿನ ಹತ್ತಿರ ಬಂದು, ನನ್ನ ಪಕ್ಕದಲ್ಲಿ ನಿಂತಿದ್ದ ಮಗಳನ್ನು ನೋಡಿದರು.

"ಈ ಸವಾಲು ನಂದಲ್ರೀ. ಹಾಕಿದಾಕಿ ಅಲ್ಲಿ ನಿಂತಾಳ. ಆಕೀನ ಬಂದು ಎತ್ಲಿ."

ಆಮೇಲೆ ಮಗಳನ್ನು ಹೆಸರು ಹಿಡಿದು ಕರೆದರು. ಅಷ್ಟು ಜನದ ಮುಂದೆ ಆ ಹೆಸರು ಕೇಳಿದ್ದು ಅದೇ ಮೊದಲು. ಹುಡುಗಿ ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದಳು, ಎರಡೂ ಕೈಯಿಂದ ಡಪ್ಪು ಎತ್ತಿ ಹಣೆಗೊತ್ತಿಕೊಂಡು ಕಾಕಾನ ಕೈಗೆ ಕೊಟ್ಟಳು. ಕಾಕಾ ಅವಳ ತಲೆ ಮುಟ್ಟಿದರು, ಹಾಡು ಮುಂದುವರಿಯಿತು. ಅವಳ ಹಿಂದೆಯೇ ಹೋಗಲು ಫೋನನ್ನು ಸ್ಟ್ಯಾಂಡಿನಿಂದ ಕೈಗೆ ತೆಗೆದುಕೊಂಡಿದ್ದರಿಂದ ಚಿತ್ರ ಒಂದೆರಡು ಕಡೆ ಅಲುಗಿದೆ. ಅದನ್ನು ಹಾಗೇ, ಎಲ್ಲೂ ಕತ್ತರಿಸದೆ, ಪೇಜಿಗೆ ಹಾಕಿದೆ.